ನನ್ನ ಕಾಫಿ ಮೇಲೆ ನಂಬಿಕೆ ಇದೆ, ನನ್ನ ಮೇಲೇ ಇಲ್ಲ. ಏನು ಮಾಡಲಿ?

ಶಾಂತಳ್ಳಿ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಶಾಂತಳ್ಳಿ ಕಡೆ ಸಣ್ಣ ಕಾಫಿ ತೋಟ. ಜಾಸ್ತಿ ಅರೇಬಿಕಾ, ಕೆಳಗೆ ಗದ್ದೆ ಅಂಚಿನಲ್ಲಿ ಸ್ವಲ್ಪ ರೋಬಸ್ಟಾ. ಮೊದಲೆಲ್ಲ ಹಣ್ಣು ಕುಯ್ದು, ಕಣದಲ್ಲಿ ಸಿಪ್ಪೆ ಸಮೇತ ಒಣಗಿಸಿ, ಚೆರಿ ಮಾಡಿ ವ್ಯಾಪಾರಿಗೆ ಹಾಕುತ್ತಿದ್ದೆವು. ಈಚೆಗೆ ಅರೇಬಿಕಾದಲ್ಲಿ ಒಂದು ಪಾಲು ನಾನೇ ಪಲ್ಪ್ ಮಾಡಿಸಿ (ಹಣ್ಣಿನ ಸಿಪ್ಪೆ ತೆಗೆಸಿ), ತೊಳೆದು, ಪಾರ್ಚ್‌ಮೆಂಟ್ (ತೆಳು ಹೊಟ್ಟಿನ ಸಮೇತ ಇರುವ ಬೀಜ) ಒಣಗಿಸಿ, ಆ ಹೊಟ್ಟು ಬಿಡಿಸಿ, ಹುರಿದು ಪುಡಿ ಮಾಡಿ ಮಾರುತ್ತಿದ್ದೇನೆ. ಮನೆ ಹಿಂದಿನ ಕೊಟ್ಟಿಗೆಯಲ್ಲಿ ಸಣ್ಣ ರೋಸ್ಟರ್ ಇದೆ.

ಶುರುವಿನಲ್ಲಿ ಹುರುಪಿತ್ತು. ಈಗ ರೋಸ್ಟರ್ ಹಚ್ಚುವಾಗಲೆಲ್ಲ ಎದೆ ಡವಡವ. ಹೋದ ತಿಂಗಳು ಒಂದು ಹೋಂಸ್ಟೇಯವರು ಪುಡಿ ವಾಪಸ್ ಕಳಿಸಿದರು. ‘ಹುಳಿ ಇದೆ, ಗೆಸ್ಟ್‌ಗಳಿಗೆ ಹಿಡಿಸಲಿಲ್ಲ’ ಅಂದರು. ಅದೇ ಪುಡಿಯನ್ನು ಬೆಂಗಳೂರಿನ ಒಬ್ಬರು ಮತ್ತೆ ಮತ್ತೆ ಕೇಳಿ ತರಿಸಿಕೊಳ್ಳುತ್ತಾರೆ. ಅವರ ಮಾತು ತಲೆಯಲ್ಲಿ ನಿಲ್ಲೋದೇ ಇಲ್ಲ. ವಾಪಸ್ ಕಳಿಸಿದವರದ್ದೇ ಕೊರೆಯುತ್ತೆ.

ನಮ್ಮ ಭಾವ ಒಳ್ಳೆಯವರು. ಆದರೆ 2024ರಲ್ಲಿ 50 ಕೆಜಿ ರೋಬಸ್ಟಾ ಚೆರಿ ಚೀಲ 10,000 ರೂಪಾಯಿ ದಾಟಿದಾಗಿನಿಂದ ಅವರದ್ದು ಒಂದೇ ಮಾತು: ‘ಒಣಗಿಸಿ ಹಾಕಿದ್ರೆ ಕೈಗೆ ದುಡ್ಡು. ಈ ತಾಪತ್ರಯ ಯಾಕಮ್ಮ?’ ಏನು ಹೇಳಬೇಕೋ ತೋಚೋದಿಲ್ಲ. ನಾನು ಓದಿದ್ದು ಪಿಯುಸಿ. ರುಚಿ ನೋಡೋಕೆ ಯಾರೂ ಕಲಿಸಿಲ್ಲ. ಪ್ಯಾಕೆಟ್ ಮೇಲೆ ಕಿತ್ತಳೆ, ಚಾಕಲೇಟ್, ಬೆರಿ ಅಂತ ಬರೆಯುವವರನ್ನು ನೋಡಿದರೆ, ಇದೆಲ್ಲ ಮಾಡೋಕೆ ನಾನು ಯಾರು ಅನಿಸುತ್ತೆ. ಬಿಡೋಕೂ ಮನಸ್ಸಿಲ್ಲ. ನಿಮಗೆ ಹೀಗಾದಾಗ ಏನು ಮಾಡಿದಿರಿ? ಸುಮ್ನೆ ‘ಧೈರ್ಯವಾಗಿರಿ’ ಅನ್ನಬೇಡಿ, ದಯವಿಟ್ಟು.

ಗೋಣಿಕೊಪ್ಪ ಮೇಷ್ಟ್ರು:

ಕಾಫಿ ಹುರಿಯೋದು ನನಗೆ ಗೊತ್ತಿಲ್ಲಮ್ಮ. ಮಕ್ಕಳಿಗೆ ಹಾಕಿ ಆಟ ಕಲಿಸಿದವನು ನಾನು, ಆಟದ್ದೇ ಒಂದು ಮಾತು ಹೇಳ್ತೀನಿ.

ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ 2010ರಲ್ಲಿ ಯುಎಸ್ ಓಪನ್ ಡಬಲ್ಸ್ ಫೈನಲ್ ಸೋತರು. 2023ರಲ್ಲಿ ಅದೇ ಫೈನಲ್ ಮತ್ತೆ ಸೋತರು. ನಡುವೆ 2017ರಲ್ಲಿ ಫ್ರೆಂಚ್ ಓಪನ್ ಮಿಕ್ಸ್ಡ್ ಡಬಲ್ಸ್ ಗೆದ್ದಿದ್ದು ನಿಜ. ಆದರೆ ಪುರುಷರ ಡಬಲ್ಸ್ ಗ್ರ್ಯಾಂಡ್ ಸ್ಲಾಂ ಕೈಗೆ ಬಂದಿದ್ದು 2024ರ ಜನವರಿಯಲ್ಲಿ, ಆಸ್ಟ್ರೇಲಿಯನ್ ಓಪನ್‌ನಲ್ಲಿ, 43ನೇ ವಯಸ್ಸಿಗೆ. ಅಷ್ಟು ಹೊತ್ತಿಗೆ ಮೊಣಕಾಲಿನ ಕೀಲು ಸವೆದು ಹೋಗಿತ್ತು. ಅವರು ಅಯ್ಯಂಗಾರ್ ಯೋಗ ಹಿಡಿದರು. ನನಗೆ ಕಪ್‌ಗಿಂತ ಇದೇ ದೊಡ್ಡದು ಅನಿಸುತ್ತೆ. ನನ್ನಿಂದ ಆಗುತ್ತಾ ಅಂತ ಕೇಳಿಕೊಳ್ಳೋ ಹೊತ್ತಲ್ಲಿ ಮೊಣಕಾಲಿಗೆ ಏನು ಬೇಕು ಅಂತ ನೋಡಿದರು. ನಿಮ್ಮ ವಿಷಯದಲ್ಲಿ ಆ ಮೊಣಕಾಲು ಯಾವುದು ಅಂತ ಕಾಫಿ ಗೊತ್ತಿರುವವರು ಹೇಳಲಿ.

ಸುಂಟಿಕೊಪ್ಪದ ಅಕ್ಕ:

ತಂಗಿ, ಮೇಷ್ಟ್ರು ಸರಿಯಾಗಿ ಹೇಳಿದರು. ನಿನ್ನ ಬರಹದಲ್ಲಿ ಎರಡು ಪ್ರಶ್ನೆ ಗಂಟು ಬಿದ್ದಿವೆ. ‘ಪುಡಿ ಹುಳಿ’ ಅಂದದ್ದು ಕಾಫಿ ಬಗ್ಗೆ. ‘ನಾನು ಯಾರು’ ಅನ್ನೋದು ನಿನ್ನ ಬಗ್ಗೆ. ಮೊದಲನೆಯದಕ್ಕೆ ಉತ್ತರ ಸಿಗುತ್ತೆ. ಎರಡನೆಯದಕ್ಕೆ ರಾತ್ರಿಯಿಡೀ ಕೂತರೂ ಸಿಗೋದಿಲ್ಲ, ನಿದ್ದೆ ಕೆಡುತ್ತೆ ಅಷ್ಟೆ. ಮೊದಲನೆಯದನ್ನು ಹಿಡಿ.

ಹುಳಿಯಲ್ಲಿ ಬೇರೆ ಬೇರೆ ಹುಳಿ ಇದೆ. ತೊಳೆದ ಅರೇಬಿಕಾಗೆ ಹುಳಿ ಹುಟ್ಟುಗುಣ. ಹಗುರವಾಗಿ ಹುರಿದರೆ ಎದ್ದು ಬರುತ್ತೆ. ಚಿಕೋರಿ ಬೆರೆಸಿದ ಪುಡಿಗೆ ಹಾಲು ಹಾಕಿ ಕುಡಿದು ರೂಢಿಯಾದವರಿಗೆ ಅದು ಹಿಡಿಸಲ್ಲ. ಅದು ನಿನ್ನ ಕಾಫಿಯ ದೋಷ ಅಲ್ಲ. ಪಲ್ಪ್ ಮಾಡಿದ ಬೀಜ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಕೂತು ಬರುವ ಹುಳಿ ಬೇರೆ, ಅದಕ್ಕೆ ವಿನೆಗರ್ ವಾಸನೆ ಇರುತ್ತೆ. ಹೊರಗೆ ಬಣ್ಣ ಬಂದು ಒಳಗೆ ಬೇಯದಿದ್ದರೆ ಹಸಿ ಹುಳಿ, ಹುಲ್ಲಿನ ವಾಸನೆ. ನಿಂದು ಯಾವುದು? ಅದನ್ನು ಮೊದಲು ನೋಡು.

ಹೀಗೆ ಮಾಡು. ಮೂರು ಲೋಟ ಇಡು. ಎರಡಕ್ಕೆ ಒಂದೇ ಪುಡಿ, ಇನ್ನೊಂದಕ್ಕೆ ಬೇರೆ ಸಲ ಹುರಿದದ್ದು. ಯಾವುದು ಎಲ್ಲಿದೆ ಅಂತ ನಿನಗೆ ಗೊತ್ತಾಗಬಾರದು, ಮನೆಯವರು ಯಾರಾದರೂ ಇಡಲಿ. 150 ಮಿಲಿ ನೀರಿಗೆ ಎಂಟು ಗ್ರಾಂ ಪುಡಿ. ಕುದಿ ಇಳಿದ ನೀರು ಹಾಕಿ ನಾಲ್ಕು ನಿಮಿಷ ಬಿಡು. ಮೇಲೆ ಕಟ್ಟಿದ ಪುಡಿಯನ್ನು ಚಮಚದಲ್ಲಿ ಒಡೆಯುವಾಗ ಮೂಗು ಹತ್ತಿರ ಇರಲಿ. ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ ಚಮಚದಿಂದ ಸೊರ್ರನೆ ಹೀರು. ಬೇರೆಯದು ಯಾವುದು ಅಂತ ಹೇಳು. ಒಂದು ಸಲ ಸರಿಯಾದರೆ ಅದೃಷ್ಟ ಇರಬಹುದು. ಮತ್ತೆ ಮತ್ತೆ ಸರಿಯಾದರೆ ನಿನ್ನ ನಾಲಿಗೆ ಸರಿ ಇದೆ. ಅದಕ್ಕೆ ಸರ್ಟಿಫಿಕೇಟ್ ಬೇಕಾಗಿಲ್ಲ. ರುಚಿಯನ್ನು ನಿನ್ನ ಮಾತಲ್ಲೇ ಬರೆದಿಡು: ಕಾಚಂಪುಳಿ (ನಮ್ಮ ಅಡುಗೆಯ ಕಪ್ಪು ಹುಳಿ), ಬೆಲ್ಲದ ಪಾಕ, ಹುರಿದ ಅಕ್ಕಿ, ಏನೇ ಇರಲಿ. ಬೆರಿ ಹಣ್ಣು ತಿಂದವರು ಬೆರಿ ಅಂತ ಬರೀತಾರೆ.

ಪಿಯುಸಿ ಅಂತ ಯಾಕೆ ಬರೆದೆ? ತೊಟ್ಟಿಗೆ ಕೈ ಹಾಕಿ ಬೀಜ ಉಜ್ಜಿದಾಗ ಲೋಳೆ ಬಿಟ್ಟು ಗರಗರ ಅಂದರೆ ತೊಳೆಯೋ ಹದ ಅಂತ ನಿನಗೆ ಗೊತ್ತಿದೆ ತಾನೇ. ಅದು ಪುಸ್ತಕ ಓದಿ ಬರೋದಲ್ಲ. ಕಲಿಯೋ ಆಸೆ ಇದ್ದರೆ ಕಾಫಿ ಬೋರ್ಡ್‌ನವರು ‘ಕಾಪಿ ಶಾಸ್ತ್ರ’ ಅಂತ ತರಬೇತಿ ಕೊಡ್ತಾರೆ. ಹುರಿಯೋದು, ಪುಡಿ ಮಾಡೋದು ಎಲ್ಲ ಕಲಿಸ್ತಾರೆ, ವಿಚಾರಿಸು. ಪಾರ್ಚ್‌ಮೆಂಟ್ ತೇವಾಂಶ ಶೇಕಡ 10ಕ್ಕೆ ಬಂದಿದೆಯಾ ಅಂತ ಮೀಟರ್ ಇರುವವರ ಹತ್ತಿರ ನೋಡಿಸು. ಅದು ಹೆಚ್ಚುಕಡಿಮೆ ಆದರೆ ಹುರಿಯೋದೂ ಒಂದೊಂದು ಸಲ ಒಂದೊಂದು ಥರ ಆಗುತ್ತೆ.

ಇನ್ನೊಂದು. ಬಿಡಬೇಕಾ ಬೇಡವಾ ಅನ್ನೋದನ್ನು ಒಂದೊಂದು ಪ್ಯಾಕೆಟ್‌ಗೂ ಕೇಳಿಕೊಳ್ಳಬೇಡ. ಮುಂದಿನ ಕುಯ್ಲು ಮುಗಿಯೋವರೆಗೆ ಮಾಡ್ತೀನಿ ಅಂತ ಈಗಲೇ ಗೊತ್ತುಮಾಡು. ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬರಲಿಲ್ಲ ಅಂತ ಯಾರೂ ತೋಟ ಕಡಿಯೋದಿಲ್ಲ, ಸ್ಪ್ರಿಂಕ್ಲರ್ ಹಚ್ತಾರೆ.

ಕುಶಾಲನಗರ ಅಂಗಡಿ:

ಅಕ್ಕ ಹೇಳಿದ್ದೆಲ್ಲ ಸರಿ. ನಾನು ಮಾತ್ರ ನಿಮ್ಮ ಭಾವನ ಪರ ಒಂದು ಮಾತು ಹೇಳ್ತೀನಿ ಮೇಡಂ. ಅವರು ಕೇಳಿದ್ದು ನಿಮ್ಮ ಯೋಗ್ಯತೆ ಬಗ್ಗೆ ಅಲ್ಲ, ದುಡ್ಡಿನ ಬಗ್ಗೆ. ಅದಕ್ಕೆ ಲೆಕ್ಕದಲ್ಲೇ ಉತ್ತರ ಕೊಡಿ. ಸುಮಾರು ಆರು ಕೆಜಿ ಹಣ್ಣಿಗೆ ಒಂದು ಕೆಜಿ ಬೀಜ. ಹುರಿದರೆ ಶೇಕಡ 15ರಿಂದ 20 ತೂಕ ಹೋಗುತ್ತೆ. ಕೂಲಿ, ಗ್ಯಾಸ್, ಪ್ಯಾಕೆಟ್, ಕೊರಿಯರ್ ಕಳೆದು ಏನು ಉಳಿಯುತ್ತೆ ಬರೆಯಿರಿ. ಪಕ್ಕದಲ್ಲಿ ಅದೇ ಹಣ್ಣನ್ನು ಚೆರಿ ಮಾಡಿ ಹಾಕಿದ್ದರೆ ಎಷ್ಟು ಅಂತ ಬರೆಯಿರಿ. ಅವರು ಹೇಳ್ತಿರೋದು ರೋಬಸ್ಟಾ ರೇಟು, ನೀವು ಹುರಿಯೋದು ಅರೇಬಿಕಾ. ಲಾಭ ಕಡಿಮೆ ಬಂದರೂ ಹೆದರಬೇಡಿ, ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತೆ.

ಶಾಂತಳ್ಳಿ ಸೊಸೆ:

ಅಕ್ಕ, ಲೋಟದ ಪರೀಕ್ಷೆ ಮಾಡಿದೆ. ಭಾವನವರೇ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಲೋಟ ಇಟ್ಟು ಕೊಟ್ಟರು. ಒಂದು ಸಲ ತಪ್ಪಿತು, ಮಿಕ್ಕಿದ್ದೆಲ್ಲ ಸರಿಯಾಗಿ ಹೇಳಿದೆ. ಅವರೂ ಹೀರಿ ನೋಡಿ, ‘ಇದು ಬೇರೆ ಅಂತ ನನಗೇ ಗೊತ್ತಾಗ್ತಿದೆ’ ಅಂದರು. ನನಗೆ ಎಷ್ಟು ಹಗುರಾಯಿತು ಅಂದರೆ ಹೇಳೋಕಾಗಲ್ಲ. ವಿನೆಗರ್ ವಾಸನೆ ಇಲ್ಲ, ಹುಲ್ಲಿನ ವಾಸನೆಯೂ ಇಲ್ಲ. ನೀವು ಹೇಳಿದ ಹುಟ್ಟುಗುಣದ ಹುಳಿಯೇ.

ಹೋಂಸ್ಟೇಗೂ ಫೋನ್ ಮಾಡಿ ಹೇಗೆ ಕುಡೀತಾರೆ ಅಂತ ಕೇಳಿದೆ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಸಿ ಗಟ್ಟಿ ಹಾಲು ಹಾಕ್ತಾರಂತೆ. ಇನ್ನೂ ಸ್ವಲ್ಪ ಗಾಢವಾಗಿ ಹುರಿದು, ನಮ್ಮದೇ ರೋಬಸ್ಟಾ ಸೇರಿಸಿ ಸ್ಯಾಂಪಲ್ ಕಳಿಸ್ತೀನಿ ಅಂದೆ. ಕಳಿಸಿ ಅಂದರು. ಬೆಂಗಳೂರಿನವರಿಗೆ ಹಳೆಯದೇ ಇರಲಿ. ಲೆಕ್ಕ ಬರೆಯೋಕೆ ಕೂತಿದ್ದೇನೆ ಅಣ್ಣ, ಕೊರಿಯರ್ ಖರ್ಚು ನೋಡಿ ಗಾಬರಿಯಾಯಿತು. ಅದಕ್ಕೊಂದು ದಾರಿ ಹುಡುಕಬೇಕು. ಮುಂದಿನ ಕುಯ್ಲಿನವರೆಗೆ ಮಾಡ್ತೀನಿ ಅಂತ ಮನೆಯಲ್ಲಿ ಹೇಳಿಯಾಗಿದೆ.

ಅಕ್ಕ, ರೋಬಸ್ಟಾ ಶೇಕಡ 20ರಿಂದ ಶುರು ಮಾಡಲಾ, 30ಕ್ಕೆ ಹೋಗಲಾ? ಎರಡನ್ನೂ ಬೇರೆ ಬೇರೆ ಹುರಿದು ಆಮೇಲೆ ಬೆರೆಸಬೇಕಾ?