ಅಧ್ಯಕ್ಷೆಯ ಬದಲು ಗಂಡನೇ ಸಭೆ ನಡೆಸಿದರೆ?

ಪ್ರಶ್ನೆ: ಗ್ರಾಮ ಪಂಚಾಯಿತಿ ಅಧ್ಯಕ್ಷರು ಮಹಿಳೆ, ಸಭೆಯಲ್ಲಿ ಮಾತೆಲ್ಲ ಯಜಮಾನರದ್ದೇ. ತಡೆಯೋದು ಹೇಗೆ?

ಉತ್ತರ 1: ಬರೀ ಬಾಯಲ್ಲಿ ಆಕ್ಷೇಪ ಹೇಳಿದರೆ ನಿಲ್ಲಲ್ಲ. ‘ಸದಸ್ಯರಲ್ಲದವರು ಚರ್ಚೆಯಲ್ಲಿದ್ದರು’ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಒಪ್ಪದಿದ್ದರೆ ದಿನಾಂಕ ಹಾಕಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ದೂರು ಕೊಡಿ. ಸ್ವೀಕೃತಿ ಮುದ್ರೆ ಬಿಡಬೇಡಿ.

ಉತ್ತರ 2: ನಿಜವಾದ ಅಧಿಕಾರ ಇರೋದು ಡೊಂಗಲ್‌ನಲ್ಲಿ! ಅಧ್ಯಕ್ಷೆಯ ಡಿಜಿಟಲ್ ಸಹಿಯ ಡೊಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ, ಪೆನ್‌ಡ್ರೈವ್‌ನಂಥ ಸಾಧನ), ಪಿನ್ ಎರಡೂ ಗಂಡನ ಜೇಬಲ್ಲೋ ಕಂಪ್ಯೂಟರ್ ಆಪರೇಟರ್ ಡ್ರಾಯರಲ್ಲೋ ಇದ್ದರೆ ಬಿಲ್ ಅಧ್ಯಕ್ಷೆಗೆ ಗೊತ್ತಾಗದೇ ಪಾಸಾಗುತ್ತೆ. ವಸೂಲಾತಿ ನೋಟಿಸ್ ಬರೋದು ಮಾತ್ರ ಅವರ ಹೆಸರಿಗೇ. ಮೊದಲು ಪಿನ್ ಬದಲಿಸಲಿ. ಅಳತೆ ಪುಸ್ತಕ (ಎಷ್ಟು ಕೆಲಸ ಆಗಿದೆ ಅಂತ ಅಳೆದು ಬರೆದ ದಾಖಲೆ), ಕಾಮಗಾರಿ ಫೋಟೊ ನೋಡದೆ ಸಹಿ ಬೇಡ.

ಉತ್ತರ 3: ಅಧ್ಯಕ್ಷೆ ತಾನೇ ಮಾತಾಡೋಕೆ ಊರಿನ ಹೆಂಗಸರ ಬೆಂಬಲವೂ ಬೇಕು. ಆದರೆ ಮಹಿಳಾ ಗ್ರಾಮಸಭೆಯನ್ನು ನರೇಗಾ ಕೆಲಸದ ಹೊತ್ತಲ್ಲಿ ಇಟ್ಟರೆ ಯಾರೂ ಬರಲ್ಲ. ಮಹಿಳಾ ಸ್ವಸಹಾಯ ಸಂಘದ ವಾರದ ಸಭೆಗೆ ಹೊಂದಿಸಿ. ಬೇಡಿಕೆ ‘ನೀರು ಬೇಕು’ ಅಂತಿರಬಾರದು. ‘3ನೇ ವಾರ್ಡ್ ಬೋರ್‌ವೆಲ್ ಮೋಟಾರ್ ದುರಸ್ತಿ’ ಅಂತಿರಲಿ.