ಕ್ಷೌರದಂಗಡಿ ಇರುವ ಊರಿನಲ್ಲೇ ಆ ನಾಟಕವನ್ನು ಆಡಬಹುದೇ?

ಪ್ರಶ್ನೆ: ಪದವಿ ಕಾಲೇಜೊಂದರ ಅಧ್ಯಾಪಕಿ

ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕದ ಏಳು ದಿನಗಳ ವಿಶೇಷ ಶಿಬಿರ ಈ ಬಾರಿ ಒಂದು ಸಣ್ಣ ಹಳ್ಳಿಯಲ್ಲಿ ನಡೆಯಲಿದೆ. ಜಾಗ ನೋಡಿಕೊಂಡು ಬರಲು ಹೋದ ದಿನ ಒಂದು ಸಂಗತಿ ತಿಳಿಯಿತು. ಊರಿನಲ್ಲಿರುವ ಒಂದೇ ಒಂದು ಕ್ಷೌರದಂಗಡಿಯಲ್ಲಿ ದಲಿತರ ಕೇರಿಯವರಿಗೆ ಕೂದಲು ಕತ್ತರಿಸುವುದಿಲ್ಲ. ಅವರು ಬಸ್ಸು ಹತ್ತಿ ಪೇಟೆಗೆ ಹೋಗುತ್ತಾರೆ. ಹಾಗೆಂದು ಯಾರೂ ಬಾಯಿಬಿಟ್ಟು ಬೇಡವೆನ್ನುವುದಿಲ್ಲ. ಕೇರಿಯ ಹುಡುಗನೊಬ್ಬ ಬಾಗಿಲಿಗೆ ಬಂದು ನಿಂತರೆ ಅಂಗಡಿಯವರು ಕತ್ತರಿಯನ್ನು ಡಬ್ಬಿಗೆ ಹಾಕಿ, ‘ಊಟಕ್ಕೆ ಹೊರಟಿದ್ದೇನೆ’ ಎನ್ನುತ್ತಾರಂತೆ, ಗಂಟೆ ಬೆಳಗಿನ ಹತ್ತಾಗಿದ್ದರೂ ಸರಿ.

ನಮ್ಮ ವಿದ್ಯಾರ್ಥಿಗಳು ಇದನ್ನೇ ವಸ್ತುವಾಗಿಟ್ಟುಕೊಂಡು ಇಪ್ಪತ್ತು ನಿಮಿಷಗಳ ಬೀದಿ ನಾಟಕ ಬರೆದಿದ್ದಾರೆ. ಶಿಬಿರದ ಕೊನೆಯ ರಾತ್ರಿ ಅರಳಿಕಟ್ಟೆಯ ಮುಂದೆ ಅದನ್ನು ಆಡಿ, ಆಮೇಲೆ ಊರವರೊಂದಿಗೆ ಸಂವಾದ ನಡೆಸಬೇಕೆಂಬುದು ಅವರ ಆಸೆ. ಮರುದಿನ ಬೆಳಿಗ್ಗೆ ನಾವು ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುತ್ತೇವೆ, ಕೇರಿಯವರು ಅಲ್ಲೇ ಇರುತ್ತಾರೆ ಎಂಬುದು ನನ್ನ ಅಳುಕು. ಹಾಗೆಂದು ಕಂಡದ್ದನ್ನು ಕಾಣದವರಂತೆ ಗಿಡ ನೆಟ್ಟು, ಚರಂಡಿ ಗುಡಿಸಿ ಬರುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಅನುಭವಸ್ಥರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ: ಬೀದಿ ನಾಟಕಗಳ ಹಳೆಯ ಪ್ರೇಕ್ಷಕ

ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ 1977ರ ಮೇ ತಿಂಗಳಲ್ಲಿ ಹನ್ನೊಂದು ಮಂದಿಯನ್ನು ಕೊಂದು ಸುಟ್ಟರು; ಅವರಲ್ಲಿ ಎಂಟು ಮಂದಿ ದಲಿತರು. 1975ರಲ್ಲಿ ಹುಟ್ಟಿಕೊಂಡಿದ್ದ ನಮ್ಮ ‘ಸಮುದಾಯ’ ತಂಡ ಆ ಘಟನೆಯನ್ನು ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ‘ಬೆಲ್ಚಿ’ ಎಂಬ ಬೀದಿ ನಾಟಕವಾಗಿಸಿ ಕರ್ನಾಟಕದ ಊರೂರುಗಳಲ್ಲಿ ಆಡಿತು. ಹೆಸರು ಬಿಹಾರದ್ದಾಗಿದ್ದರಿಂದ ನಮ್ಮ ಗೌಡರು, ಪಟೇಲರು ಸಿಟ್ಟಿಗೇಳಲು ನೆಪವಿರಲಿಲ್ಲ; ಆದರೆ ನೋಡುತ್ತ ನಿಂತವರಿಗೆ ಅದು ಯಾವ ಊರಿನ ಕಥೆಯೆಂದು ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೂ ನಾನು ಇದನ್ನೇ ಸೂಚಿಸುತ್ತೇನೆ: ಕಥೆಯನ್ನು ಬೇರೊಂದು ಊರಿನಲ್ಲಿಟ್ಟು, ಕತ್ತರಿ ಮತ್ತು ಡಬ್ಬಿಯನ್ನು ಮಾತ್ರ ಉಳಿಸಿಕೊಳ್ಳಿ.

ನಾಟಕದ ಶಕ್ತಿಯನ್ನು ಅತಿಯಾಗಿ ನಂಬಲೂಬಾರದು. ಅದೆಲ್ಲ ನಡೆದು ಎರಡು ದಶಕ ಕಳೆದ ಮೇಲೆ, 2000ದ ಮಾರ್ಚ್ 11ರಂದು, ನಮ್ಮದೇ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತವಾಗಿ ಸುಟ್ಟರು. ಸಾಕ್ಷಿಗಳು ನ್ಯಾಯಾಲಯದಲ್ಲಿ ತಿರುಗಿಬಿದ್ದದ್ದರಿಂದ 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ಊರಿನಲ್ಲಿ ಅದೇ ಜನರ ನಡುವೆ ಬಾಳಬೇಕಾದವರು ಬಾಯಿ ತೆರೆಯುವುದು ಎಷ್ಟು ಕಠಿಣ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ನಿಮ್ಮ ಅಳುಕು ಹೇಡಿತನವಲ್ಲ.

ಉತ್ತರ: ಅಂಥದೇ ಒಂದು ಕೇರಿಯಲ್ಲಿ ಬೆಳೆದವನು

ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮೂರಿಗೂ ಒಂದು ತಂಡ ಬಂದಿತ್ತು. ನಾಟಕದಲ್ಲಿ ನಮ್ಮ ಕೇರಿಯವನ ಪಾತ್ರ ಮಾಡಿದ ಹುಡುಗ ಟವೆಲನ್ನು ಕಂಕುಳಲ್ಲಿ ಇಟ್ಟುಕೊಂಡು, ನಡು ಬಗ್ಗಿಸಿ, ‘ಧಣಿ, ಧಣಿ’ ಎಂದು ಅಳುತ್ತಲೇ ಇದ್ದ. ಜನ ಕಣ್ಣೊರೆಸಿಕೊಂಡರು. ನಮ್ಮಪ್ಪ ಮಾತ್ರ ನಡುವೆಯೇ ಎದ್ದು ಮನೆಗೆ ಬಂದು, ‘ನಾನು ಯಾವತ್ತು ಹಾಗೆ ಬಗ್ಗಿದ್ದೆ?’ ಎಂದು ಅವ್ವನನ್ನು ಕೇಳಿದ. ದಯವಿಟ್ಟು ಆಡುವ ಮೊದಲು ಕೇರಿಗೆ ಹೋಗಿ ನಾಟಕವನ್ನು ಓದಿ ತೋರಿಸಿ. ಅವರು ಬೇಡವೆಂದರೆ ಬೇಡ.

ಉತ್ತರ: ರಂಗ ಶಿಬಿರಗಳನ್ನು ನಡೆಸುವವಳು

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಸಂವಾದದ ಬಗ್ಗೆ ಮಾತ್ರ ಸ್ವಲ್ಪ ಹೇಳುತ್ತೇನೆ. ಬ್ರೆಜಿಲ್‌ನ ಆಗಸ್ಟೊ ಬೋಲ್ 1970ರ ದಶಕದಲ್ಲಿ ರೂಪಿಸಿದ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ‘ಜನ ಸಂಸ್ಕೃತಿ’ ತಂಡ 1985ರಿಂದ ಬೆಳೆಸಿಕೊಂಡು ಬಂದ ಒಂದು ಪದ್ಧತಿಯಿದೆ. ಅನ್ಯಾಯಕ್ಕೊಳಗಾದವನು ಸೋಲುವಲ್ಲಿಗೆ ನಾಟಕ ನಿಲ್ಲುತ್ತದೆ. ಬಳಿಕ ಅದನ್ನೇ ಮೊದಲಿನಿಂದ ಆಡುತ್ತಾರೆ. ಈ ಸಲ ನೋಡುವವರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಕೂಗಿ, ಸೋತವನ ಜಾಗಕ್ಕೆ ತಾವೇ ಬಂದು, ತಮಗೆ ತೋಚಿದ ದಾರಿಯನ್ನು ಮಾಡಿ ತೋರಿಸಬಹುದು. ತುಳಿಯುವವನ ಪಾತ್ರವನ್ನು ಮಾತ್ರ ಬದಲಿಸುವಂತಿಲ್ಲ, ಏಕೆಂದರೆ ನಾವು ಬಯಸಿದ ಮಾತ್ರಕ್ಕೆ ಅವನು ಒಳ್ಳೆಯವನಾಗುವುದಿಲ್ಲ. ‘ಅಸ್ಪೃಶ್ಯತೆ ತಪ್ಪಲ್ಲವೇ?’ ಎಂದು ಮೈಕಿನಲ್ಲಿ ಕೇಳಿದರೆ ಊರಿಗೆ ಊರೇ ‘ಹೌದು’ ಎನ್ನುತ್ತದೆ. ಎದ್ದು ಬಂದು ಆ ಬಾಗಿಲಲ್ಲಿ ನಿಂತಾಗಲೇ ನಾಲಿಗೆ ತಡವರಿಸುತ್ತದೆ.

ಇನ್ನೊಂದು ವಿಷಯ. ನಿಮ್ಮ ನಾಟಕದಲ್ಲಿ ಅಂಗಡಿಯವರು ಮೀಸೆ ತಿರುವುವ ಖಳನಾಯಕರಾಗಿದ್ದರೆ ಅದನ್ನು ತೆಗೆದುಬಿಡಿ. ಅವರೂ ಹಿಂದುಳಿದ ಜಾತಿಯವರೇ ಆಗಿರುತ್ತಾರೆ. ಕೇರಿಯವರಿಗೆ ಕತ್ತರಿ ಹಿಡಿದ ಮರುದಿನವೇ ಜಮೀನುದಾರರ ಮನೆಯವರು ಅಂಗಡಿಗೆ ಬರುವುದನ್ನು ನಿಲ್ಲಿಸಬಹುದು, ಮಳಿಗೆಯನ್ನೇ ಬಿಡಿಸಬಹುದು. ಕ್ಷೌರ ನಿರಾಕರಣೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ನಿಜ. ಆದರೆ ದೂರು ಅವರೊಬ್ಬರ ಮೇಲೆ ದಾಖಲಾಗಿ, ಬೆದರಿಕೆ ಹಾಕಿದವರು ಜಗಲಿಯ ಮೇಲೆ ಹಾಯಾಗಿ ಕುಳಿತಿರುತ್ತಾರೆ. ಆ ಜಗಲಿಯೂ ನಾಟಕದೊಳಗೆ ಬರಲಿ. ತಹಶೀಲ್ದಾರರನ್ನು ಕರೆಯುವುದಾದರೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಬೇಡಿ. ಕುರ್ಚಿ ಬಂದರೆ ಸಂವಾದ ಹೋಗಿ ಭಾಷಣ ಕುಳಿತುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೀಸೆಯ ವಿಷಯ ನಿಮಗೆ ಹೇಗೆ ತಿಳಿಯಿತೋ ಕಾಣೆ. ಅದು ನಮ್ಮ ನಾಟಕದಲ್ಲಿ ಇದ್ದೇ ಇತ್ತು. ಭಾನುವಾರ ಮೂವರು ವಿದ್ಯಾರ್ಥಿಗಳೊಂದಿಗೆ ಕೇರಿಗೆ ಹೋಗಿ ಪೂರ್ತಿ ಓದಿದೆವು. ಯುವಕರು ಅರಳಿಕಟ್ಟೆಯಲ್ಲೇ ಆಗಲಿ ಎಂದರು. ಹಿರಿಯರೊಬ್ಬರು, ಸುಗ್ಗಿ ಮುಗಿದು ಕೂಲಿಯ ಬಾಕಿ ಕೈಸೇರುವವರೆಗೆ ಬೇಡ ಎಂದರು. ಶಿಬಿರದ ದಿನಾಂಕವನ್ನು ಮುಂದೂಡಲು ಸಾಧ್ಯವೇ ಎಂದು ಪ್ರಾಂಶುಪಾಲರನ್ನು ಕೇಳಿದ್ದೇನೆ.