ಕೊಲೈಟಿಸ್‌ಗೆ ಅರಿಶಿನ, ಕಷಾಯ: ನಿಮಗೇನಾದರೂ ಗುಣ ಕಂಡಿದೆಯಾ?

ಉಡುಪಿಯಿಂದ ಕೇಳುತ್ತಿದ್ದೇನೆ. ತಮ್ಮನಿಗೆ 26 ವರ್ಷ. ಕೊಲನೋಸ್ಕೋಪಿ ಮಾಡಿ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಅಂದರು. ಮೆಸಲಮೈನ್ ಮಾತ್ರೆ ಶುರುವಾಗಿ ಎರಡು ತಿಂಗಳು. ಅಮ್ಮನಿಗೆ ಮಾತ್ರೆ ಬಿಡಿಸಿ ಕಷಾಯ ಕೊಡುವ ಹಟ. ಏನು ಮಾಡಲಿ?

ಸುರತ್ಕಲ್: ಬಿಡಿಸಬೇಡಿ ಮಾರಾಯ್ರೆ. ನಾನು ಬಿಟ್ಟು ಕೆಟ್ಟವನು. ಹೊಟ್ಟೆ ಸರಿಯಾಯಿತಲ್ಲ ಅಂತ ಮಾತ್ರೆ ನಿಲ್ಲಿಸಿ ದಿನಾ ಅರಿಶಿನದ ಹಾಲು ಕುಡಿದೆ. ಮೂರನೇ ತಿಂಗಳು ಎಕ್ಸ್‌ಪ್ರೆಸ್ ಬಸ್ಸನ್ನು ಪಡುಬಿದ್ರಿಯಲ್ಲಿ ನಿಲ್ಲಿಸಿ, ಹೋಟೆಲಿನ ಹಿತ್ತಿಲಿಗೆ ಓಡಿದೆ. ಬರೀ ರಕ್ತ. ಆಮೇಲೆ ಸ್ಟೆರಾಯ್ಡ್, ಮುಖ ಊದಿ ಇಡ್ಲಿಯ ಹಾಗಾಯಿತು.

ಅರಿಶಿನ ಸುಳ್ಳು ಅಂತಲ್ಲ. ಅದರೊಳಗಿನ ಕರ್ಕ್ಯುಮಿನ್ ಅನ್ನು ಜಪಾನಿನಲ್ಲಿ ರೋಗ ಶಾಂತವಾಗಿದ್ದ 89 ಜನರ ಮೇಲೆ ಪರೀಕ್ಷಿಸಿ, 2006ರಲ್ಲಿ ವರದಿ ಮಾಡಿದ್ದಾರೆ. ದಿನಕ್ಕೆ 2 ಗ್ರಾಂ, ಆರು ತಿಂಗಳು. ಅದನ್ನು ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ರೋಗ ಮರುಕಳಿಸಿತು, ಉಳಿದವರಲ್ಲಿ ಸುಮಾರು 20 ಮಂದಿಗೆ. ಆದರೆ ಎಲ್ಲರೂ ಮಾತ್ರೆಯ ಜೊತೆಗೇ ತೆಗೆದುಕೊಂಡದ್ದು! ಇನ್ನು ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ 3 ಪಾಲಿನ ಆಸುಪಾಸು. 2 ಗ್ರಾಂ ಬೇಕಾದರೆ 60 ಗ್ರಾಂ ಪುಡಿಗೂ ಜಾಸ್ತಿ ನುಂಗಬೇಕು. ಹಾಲಿಗೆ ಒಂದು ಚಮಚ ಹಾಕಿ ನಾನು ಯಾರಿಗೆ ಮೋಸ ಮಾಡಿಕೊಂಡೆ, ಹೇಳಿ.

ಮೂಲ್ಕಿ: ಹಾಗಂತ ಕರ್ಕ್ಯುಮಿನ್ ಗುಳಿಗೆಯನ್ನು ಸುಮ್ನೆ ಆನ್‌ಲೈನಲ್ಲಿ ತರಿಸಬೇಡಿ. ಭಾವ ಕಾಳುಮೆಣಸಿನ ಸಾರ ಸೇರಿಸಿದ್ದನ್ನು ತಿಂದು ಲಿವರ್ ಟೆಸ್ಟ್ ಏರಿಸಿಕೊಂಡ. ಬಿಟ್ಟ ಮೇಲೆ ಇಳಿಯಿತು.

ಮಲ್ಪೆ: ನಮ್ಮಲ್ಲಿ ಜ್ವರಕ್ಕೆ ಕುದಿಸುವ ಕಿರಾತಕಡ್ಡಿಯ (ನೆಲಬೇವು) ಸಾರವನ್ನೂ 224 ಕೊಲೈಟಿಸ್ ರೋಗಿಗಳಲ್ಲಿ ನೋಡಿದ್ದಾರೆ. ದಿನಕ್ಕೆ 1800 ಮಿಲಿಗ್ರಾಂ ಕೊಟ್ಟಾಗ ನೂರಕ್ಕೆ 60 ಮಂದಿಗೆ ಗುಣ ಕಂಡಿತು. ಹುಸಿ ಗುಳಿಗೆ ನುಂಗಿದವರಲ್ಲೂ 40 ಮಂದಿಗೆ ಕಂಡಿತು, ಅದು ತಮಾಷೆ. ಮತ್ತೆ, ಅದು ಅಳತೆ ಮಾಡಿದ ಸಾರ. ನನ್ನ ಅತ್ತೆಯ ಕಷಾಯ ಒಂದು ದಿನ ನೀರು, ಒಂದು ದಿನ ವಿಷ! ನನಗೆ ಹಿಡಿಸಿದ್ದು ಇಸಬ್ಗೋಲ್. ಡಾಕ್ಟರೇ ಹೇಳಿದ್ದು, ಅದೂ ರೋಗ ಶಾಂತವಾದ ಮೇಲೆ. ಜಾಸ್ತಿ ನೀರು ಕುಡಿಯಬೇಕು. ಕ್ರೋನ್ಸ್ ಅಂತ ಕರುಳಿನ ಇನ್ನೊಂದು ಉರಿಯೂತದ ರೋಗ ಇದ್ದು ಕರುಳು ಕಿರಿದಾದವರಿಗೆ ಬೇಡ, ಸಿಕ್ಕಿಕೊಳ್ಳಬಹುದು.

ಉಡುಪಿ, ಅಜ್ಜಿ ಹೇಳಿ ಮೊಮ್ಮಗಳು ಬರೆದದ್ದು: ಆಟಿ ಅಮಾವಾಸ್ಯೆಗೆ ಪಾಲೆ ಕೆತ್ತೆಯ (ಹಾಲೆ ಮರದ ತೊಗಟೆಯ) ಕಷಾಯ ಕುಡಿಯುವುದು ವರ್ಷಕ್ಕೊಂದೇ ಸಲ. ಕುಡಿದ ಮೇಲೆ ಮೆಂತೆ ಗಂಜಿ ಉಣ್ಣಬೇಕು, ಅಷ್ಟು ಉಷ್ಣ ಅದು. ಕತ್ತಲಲ್ಲಿ ಮರ ತಪ್ಪಿ ಕಾಸರಕನ ತೊಗಟೆ ತಂದರೆ ಜೀವವೇ ಹೋಗುತ್ತದೆ. ರಕ್ತ ಹೋಗುವ ಹುಡುಗನಿಗೆ ಅದೆಲ್ಲ ಬೇಡ, ಕುಚ್ಚಲಕ್ಕಿಯನ್ನು ಮೆತ್ತಗೆ ಬೇಯಿಸಿ ತಿಳಿ ಕೊಡಿ.

ಕೇಳಿದವಳು: ಅಮ್ಮನಿಗೆ ಓದಿ ಹೇಳಿದೆ. ಅಜ್ಜಿಯ ಮಾತಿಗೆ ಮಾತ್ರ ತಲೆ ಆಡಿಸಿದರು. ಕಷಾಯದ ಪಾತ್ರೆ ಸದ್ಯ ಅಟ್ಟ ಸೇರಿದೆ. ಕರ್ಕ್ಯುಮಿನ್, ಇಸಬ್ಗೋಲ್ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇವೆ.